ಆಮೆನ್ ಬಾಕಿ ಉಳಿದ ಮನೆ

ಲವಂಗದ ಗೊಂಚಲನ್ನು ಎಡಗೈಯಲ್ಲಿ ಹಿಡಿದು ಬಲ ಅಂಗೈಗೆ ಒತ್ತಿ ತಿರುಚಿದರೆ ಮೊಗ್ಗೆಲ್ಲ ಉದುರಿ ತೊಟ್ಟು ಮಾತ್ರ ಕೈಯಲ್ಲಿ ಉಳಿಯುತ್ತದೆ. ಮೊಗ್ಗು ಚಾಪೆಗೆ, ತೊಟ್ಟು ಬುಟ್ಟಿಗೆ. ಬೆಳಿಗ್ಗೆ ಕೂತರೆ ಸೂರ್ಯ ನೆತ್ತಿಗೆ ಬರುವವರೆಗೂ ಅದೇ ಕೆಲಸ. ಮೊದಮೊದಲು ಅಂಗೈ ಉರಿಯುತ್ತದೆ. ಆಮೇಲೆ ಲವಂಗದ ಎಣ್ಣೆ ಹತ್ತಿ ಹತ್ತಿ ಏನೂ ಗೊತ್ತಾಗದ ಹಾಗಾಗುತ್ತದೆ. ಹಲ್ಲುನೋವಿಗೆ ಲವಂಗ ಇಟ್ಟುಕೊಂಡಾಗ ವಸಡು ಆಗುತ್ತದಲ್ಲ, ಹಾಗೆ. ಆ ವರ್ಷ ನನಗೆ ಅಂಗೈಯೊಂದೇ ಅಲ್ಲ, ಮೈಪೂರ್ತಿ ಹಾಗೇ ಆಗಿತ್ತು.

ನನ್ನ ಎದುರಿಗೆ ತಮ್ಮನ ಹೆಂಡತಿ ವೆಲ್ಮಿನಾ ಕೂತಿದ್ದಳು. ಪಕ್ಕದ ಮನೆಯ ಟಾಂಟೆ ಕೋರಿ ಬೇಲಿ ದಾಟಿ ಬಂದು, ಕೇಳದೇ ಒಂದು ಗೊಂಚಲು ಎತ್ತಿಕೊಂಡು ಕೂತಳು. ಟಾಂಟೆ ಅಂದರೆ ಚಿಕ್ಕಮ್ಮ, ಊರಿಗೆಲ್ಲ ಅವಳು ಚಿಕ್ಕಮ್ಮ. ನನಗಿಂತ ಎರಡು ವರ್ಷ ಚಿಕ್ಕವಳಾದರೂ ನಾನೂ ಟಾಂಟೆ ಅಂತಲೇ ಕರೆಯುತ್ತಿದ್ದೆ. ಕಾಗದ ಹೋಯಿತಾ ಅಂತ ಕೇಳಿದಳು. ಇಲ್ಲ ಅಂದೆ.

“ಡೋರ್ಚೆ, ನನ್ನ ಹೊಟ್ಟೆ ನೋಡು,” ಅಂದಳು. “ಹೆರೋ ವಯಸ್ಸು ಮುಗಿದು ಯಾವ ಕಾಲ ಆಯ್ತು. ಆದ್ರೂ ಊದ್ಕೊಂಡಿದೆ. ನಿಮ್ಮಮ್ಮನ ಸುದ್ದಿ ಒಳಗಿಟ್ಕೊಂಡು ಹಿಂಗಾಗಿರೋದು. ನೀವು ಬರೀತೀರೋ, ಇಲ್ಲ ನಾನೇ ಹೆತ್ತುಬಿಡ್ಲೋ?”

ವೆಲ್ಮಿನಾ ನಕ್ಕಳು. ನನಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಟಾಂಟೆ ಕೋರಿಯ ತಮ್ಮ ಹಾಲೆಂಡಿನಲ್ಲಿ ನಮ್ಮಣ್ಣ ಮಿಂಗುಸ್ ಇರುವ ಊರಿನಲ್ಲೇ ಇದ್ದ. ಅವಳು ತಮ್ಮನಿಗೆ ತಿಂಗಳು ತಿಂಗಳು ಕಾಗದ ಹಾಕುತ್ತಿದ್ದಳು. ಪ್ರತಿ ಕಾಗದದಲ್ಲೂ ಊರಿನವರ ಹೆರಿಗೆ, ಮದುವೆ, ಜಗಳ ಎಲ್ಲ ಬರೆದು, ನಮ್ಮ ಮನೆ ಬಂದಾಗ ಮಾತ್ರ ಎಲ್ಲರೂ ಚೆನ್ನಾಗಿದ್ದಾರೆ ಅಂತ ಹಾರಿಸಿಬಿಡುತ್ತಿದ್ದಳು. ಸಾವಿನ ಸುದ್ದಿ ಆ ಮನೆಯವರ ಕೈಯಿಂದಲೇ ಹೋಗಬೇಕು. ನಮ್ಮ ದ್ವೀಪದಲ್ಲಿ ಬಾಯಿಬಡುಕರು ಕೂಡ ಅದೊಂದನ್ನು ಮೀರುವುದಿಲ್ಲ.

ಅಮ್ಮ ತೀರಿಕೊಂಡದ್ದು ಶುಭ ಶುಕ್ರವಾರದ ಹಿಂದಿನ ವಾರ. ಈಗ ಲವಂಗ ಕೊಯ್ಲು, ಅರ್ಧ ವರ್ಷವೇ ಕಳೆದಿತ್ತು. ಅಷ್ಟು ದಿನವೂ ಹಾಲೆಂಡಿನ ಅಣ್ಣನಿಗೆ ಅಮ್ಮ ಬದುಕೇ ಇದ್ದಳು.

ಡಚ್ಚರು ನಮ್ಮ ದ್ವೀಪಗಳನ್ನು ಬಿಟ್ಟು ಹೋದ ಮೇಲೆ, ಅವರ ಸೈನ್ಯದಲ್ಲಿದ್ದ ಮಿಂಗುಸ್ ಸಿಪಾಯಿಗಳ ಹಡಗು ಹತ್ತಿ ಹಾಲೆಂಡಿಗೆ ಹೋದಾಗ ಆರು ತಿಂಗಳಲ್ಲಿ ಬರುತ್ತೇನೆ ಅಂದಿದ್ದ. ಹಡಗು ಹತ್ತಿದವರಿಗೆಲ್ಲ ಹಾಗೇ ಹೇಳಿದ್ದರು. ಅಲ್ಲಿ ಮರದ ಶೆಡ್ಡುಗಳಲ್ಲಿ ಇಟ್ಟರು, ಆಮೇಲೆ ಕಾರ್ಖಾನೆ ಕೆಲಸ ಕೊಟ್ಟರು. ಅಲ್ಲೇ ನಮ್ಮ ಕಡೆಯ ಹುಡುಗಿಯೊಬ್ಬಳನ್ನು ಮದುವೆಯಾದ, ಮಗಳು ಹುಟ್ಟಿದಳು. ಇಲ್ಲಿ ಅವನು ನೆಟ್ಟ ಲವಂಗದ ಗಿಡಗಳು ಏಣಿ ಹಾಕಿ ಹತ್ತುವಷ್ಟು ಎತ್ತರ ಬೆಳೆದವು.

ಅವನು ಇಲ್ಲದಿದ್ದರೂ ನಮ್ಮ ಮನೆಯ ಪ್ರಾರ್ಥನೆಯಲ್ಲಿ ಅವನ ಸರದಿ ತಪ್ಪಿರಲಿಲ್ಲ.

ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯ ಮೇಜಿನ ಸುತ್ತ ಕೂರುತ್ತಿದ್ದೆವು. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ದೇವರಿಗೆ ಎತ್ತಿಟ್ಟ ಕಾಸಿನ ಬಿಳಿ ತಟ್ಟೆ, ಬೈಬಲ್. ಒಂದು ಹಾಡು, ಒಂದು ಕೀರ್ತನೆಯ ಓದು. ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಚಿಕ್ಕವರಿಂದ ಶುರು, ಹಿರಿಯರಲ್ಲಿ ಮುಗಿತಾಯ. ಆಮೆನ್ ಎಲ್ಲರೂ ಹೇಳುವ ಹಾಗಿಲ್ಲ. ಹಿರಿಯರು ಒಬ್ಬರೇ, ಕೊನೆಗೆ ಒಂದೇ ಸಲ. ತಮ್ಮನ ಮಗಳು ಸೀನಾ ಮೊದಲು. ಆಮೇಲೆ ವೆಲ್ಮಿನಾ, ತಮ್ಮ ಒಬೆತ್, ಆಮೇಲೆ ನಾನು. ನನ್ನದು ಮುಗಿದ ಮೇಲೆ ಒಂದಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು. ಅದು ಮಿಂಗುಸನ ಸರದಿ. ಅವನು ಅಲ್ಲಿ ಹೇಳುವಷ್ಟು ಹೇಳಿಕೊಳ್ಳಲಿ ಅಂತ ಅಮ್ಮ ಕಾಯುತ್ತಿದ್ದಳು. ಸಾಕಾಯಿತು ಅನ್ನಿಸಿದಾಗ ಗಂಟಲು ಸರಿಮಾಡಿಕೊಂಡು ತನ್ನದನ್ನು ಹೇಳಿ, ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಆಮೆನ್ ಅನ್ನುತ್ತಿದ್ದಳು. ಆಮೇಲೆ ಊಟ.

ಅಮ್ಮನ ಮಣ್ಣು ಮುಗಿಸಿ ಬಂದ ದಿನ ಸಂಜೆಯೂ ಕೂತೆವು. ಸೀನಾ ಹೇಳಿದಳು, ವೆಲ್ಮಿನಾ ಹೇಳಿದಳು, ಒಬೆತ್ ಹೇಳಿದ, ನಾನು ಹೇಳಿದೆ. ಆಮೇಲೆ ಮಿಂಗುಸನ ಸರದಿಯ ಮೌನ. ಅದರಲ್ಲೇ ಕೂತೆವು. ಅದು ಮುಗಿಯಲಿಲ್ಲ. ಮುಗಿಸುವವರು ಇರಲಿಲ್ಲ. ಆಗಲೇ ನಮಗೆ ಹೊಳೆದದ್ದು, ಈಗ ಮನೆಗೆ ಹಿರಿಯ ಮಿಂಗುಸ್, ಆಮೆನ್ ಅವನದು, ಆದರೆ ಅವನಿಗೆ ಅದು ಗೊತ್ತೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಅನ್ನ ಸೀಯುವ ವಾಸನೆ ಬಂತು. ವೆಲ್ಮಿನಾ ಎದ್ದಳು. ಹಿಂದೆಯೇ ನಾವೂ ಎದ್ದೆವು.

ಮರುದಿನವೂ ಹಾಗೇ ಆಯಿತು. ಆಮೇಲೆ ಅದೇ ರೂಢಿಯಾಯಿತು.

ಸಭಾಪಾಲಕರು ಮನೆಗೆ ಬಂದಾಗ ಒಬೆತ್ ಹೇಳಿದ. ಅವರು ಆಚೆ ಸೇರಾಮ್ ದ್ವೀಪದ ಕಡೆಯವರು, ವಯಸ್ಸು ಚಿಕ್ಕದು. ಮನೆಯಲ್ಲಿ ಇರುವವರಲ್ಲಿ ದೊಡ್ಡವಳು ಡೋರ್ಚೆ ತಾನೆ, ಅವಳೇ ಹೇಳಲಿ, ದೇವರಿಗೆ ವಯಸ್ಸಿನ ಲೆಕ್ಕ ಬೇಕಿಲ್ಲ ಅಂದರು. ನಾವು ಹೂಂ ಅಂದೆವು. ಅವರು ಹೋದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಬದುಕಿರುವ ಹಿರಿಯನ ತಲೆಯ ಮೇಲಿಂದ ಕಿರಿಯಳು ಆಮೆನ್ ಅಂದರೆ ಅವನನ್ನು ಸತ್ತವರ ಜೊತೆ ಸೇರಿಸಿದ ಹಾಗೆ. ಸಭಾಪಾಲಕರು ಅದನ್ನು ಎಲ್ಲಿ ಓದಿರುತ್ತಾರೆ? ಅದು ಪುಸ್ತಕದಲ್ಲಿ ಇರುವುದಲ್ಲ.

ವೆಲ್ಮಿನಾಗೆ ಮಾತ್ರ ಎಲ್ಲದರಲ್ಲೂ ಒಂದು ತಮಾಷೆ ಸಿಗುತ್ತಿತ್ತು. ಆಮೆನ್ ಹೇಳದೇ ಎದ್ದುಬಿಟ್ಟರೆ ದೇವರು ಪಾಪ ಎಲ್ಲಿಗೆ ಹೋಗಬೇಕು, ಹೋಗಿ ಬಾ ಅಂತ ಯಾರೂ ಹೇಳದ ನೆಂಟನ ಹಾಗೆ ಬಾಗಿಲಲ್ಲೇ ನಿಂತಿರುತ್ತಾನೆ ಅನ್ನುತ್ತಿದ್ದಳು. ಒಂದು ದಿನ ಇಳಿಹೊತ್ತು ಕಸ ಗುಡಿಸುವಾಗ ಬಾಗಿಲ ಹತ್ತಿರ, ಸ್ವಲ್ಪ ಸರೀರಿ ಸ್ವಾಮಿ, ಅಂದದ್ದನ್ನು ಕೇಳಿದೆ. ಯಾರಿಗೂ ಕೇಳಿಸಲಿ ಅಂತ ಅಂದದ್ದಲ್ಲ ಅದು.

ಕಾಗದ ಬರೆಯಬೇಕಾದವಳು ನಾನೇ. ಮನೆಯಲ್ಲಿ ಕಾಗದ ಬರೆಯುವ ಕೈ ನನ್ನದು. ಮೂವತ್ತು ದಾಟಿದ ಮೇಲೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿ ರಾತ್ರಿ ಶಾಲೆ ನಡೆಸಿದಾಗ ಕಲಿತ ಅಕ್ಷರ. ಕಲಿತ ವರ್ಷದಿಂದ ಅಮ್ಮನ ಕಾಗದವೆಲ್ಲ ನಾನೇ ಬರೆದದ್ದು. ಅಮ್ಮ ಒಲೆ ಮುಂದೆ ಕೂತು ಸಾಗೋ ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದಳು, ನಾನು ಹೇಳಿದ್ದು ಹೇಳಿದ ಹಾಗೆ ಬರೆಯುತ್ತಿದ್ದೆ. ಅಮ್ಮನ ಕಾಗದ ಕ್ಷೇಮ ಸಮಾಚಾರದಿಂದ ಶುರುವಾಗುತ್ತಲೇ ಇರಲಿಲ್ಲ. ಬೈಗುಳದಿಂದ ಶುರು. ಫೋಟೋ ಯಾಕೆ ಕಳಿಸಲಿಲ್ಲ, ಹಿಂದಿನ ಫೋಟೋದಲ್ಲಿ ಕೂದಲು ಯಾಕೆ ಅಷ್ಟು ಉದ್ದ, ಅಲ್ಲಿ ಕ್ಷೌರದವರು ಸತ್ತುಹೋದರಾ. ಬೈದು ಬೈದು ದಣಿದ ಮೇಲೆ ಕೊನೆಗೆ, ದಿನಾ ನಿನ್ನ ಸರದಿ ಕಾಯುತ್ತೇವೆ ಅಂತ ಒಂದು ಸಾಲು.

ಅದೇ ಕಾರಣಕ್ಕೆ ಒಬೆತ್‌ಗೆ ಆ ಉಪಾಯ ತೋಚಿದ್ದು. ಅವನು ಒಳ್ಳೆಯವನು, ಮಾತು ಕಡಿಮೆ. ಮಣ್ಣಾಗಿ ಸ್ವಲ್ಪ ದಿನಕ್ಕೆ ತೋಟದ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ.

“ಉಸಿ, ನೀನು ಅಮ್ಮನ ಹಾಗೇ ಬರಿ.” ಅಕ್ಕನನ್ನು ನಾವು ಕರೆಯೋದು ಹಾಗೆ. “ಯಾವಾಗ್ಲೂ ಕೈ ನಿಂದೇ ಅಲ್ವಾ? ಅವನಿಗೇನು ಗೊತ್ತಾಗುತ್ತೆ?”

ಎಷ್ಟು ದಿನ ಅಂತ ಕೇಳಿದೆ.

“ಎಷ್ಟು ದಿನ ಆಗುತ್ತೋ ಅಷ್ಟು ದಿನ. ಒಂದು ಮನೇಲಾದ್ರೂ ಅಮ್ಮ ಇದ್ದಾಳಲ್ಲ. ಇರ್ಲಿ ಬಿಡು.”

ನಾನು ಕೂತೆ, ಸುಳ್ಳು ಹೇಳುವುದಿಲ್ಲ. ಕಾಗದ ತೆಗೆದು ಮಗನೇ ಮಿಂಗುಸ್ ಅಂತ ಬರೆದೆ. ಆಮೇಲೆ ಬೈಯಬೇಕಿತ್ತು. ಎಷ್ಟು ಯೋಚಿಸಿದರೂ ಒಂದು ಬೈಗುಳವೂ ಬರಲಿಲ್ಲ. ಒಲೆಯ ಕಡೆ ನೋಡಿದೆ, ರೊಟ್ಟಿ ತಟ್ಟುವ ಸದ್ದು ನೆನೆಸಿಕೊಂಡೆ. ಏನೂ ಇಲ್ಲ. ಇದು ಪಾಪವೋ ಅಲ್ಲವೋ ಅಂತ ಚಿಂತೆ ಮಾಡುವಷ್ಟು ದೂರವೂ ಮನಸ್ಸು ಹೋಗಲಿಲ್ಲ. ಆ ಹಾಳೆಯಲ್ಲಿ ಒಲೆ ಹೊತ್ತಿಸಿದೆ. ಅಮ್ಮನ ಹಾಗೆ ಬರೆಯಲು ಆಗಲಿಲ್ಲ, ನನ್ನ ಹಾಗೆ ಬರೆಯಲು ಕೈ ಏಳಲಿಲ್ಲ. ದಿನ ಹೋದವು. ನಾನು ಅಳಲೂ ಇಲ್ಲ. ಮಣ್ಣಿನ ದಿನ ಬಂದವರಿಗೆ ಕಾಫಿ ಹಂಚುವ ಕೆಲಸ ಇತ್ತು. ಆಮೇಲೆ ಅಳುವುದು ಮರೆತೇ ಹೋಯಿತು ಅನ್ನಬೇಕು.

ಲವಂಗದ ಕೊಯ್ಲಿನ ನಡುವೆ ಒಂದು ಶನಿವಾರ ಒಬೆತ್ ಸಂತೆಯಿಂದ ಕಾಗದ ತಂದ. ಹಾಲೆಂಡಿನ ಅಂಚೆಚೀಟಿ, ಮೇಲೆ ಅಮ್ಮನ ಹೆಸರು. ಮಿಂಗುಸನ ಕಾಗದ ಬಂದ ದಿನ ಅದನ್ನು ಸಂಜೆ ಕೀರ್ತನೆಯ ಓದು ಆದ ಮೇಲೆ ಎಲ್ಲರ ಮುಂದೆ ಓದುವುದು ನಮ್ಮ ಪದ್ಧತಿ. ಅಮ್ಮ ಹೋದ ಮೇಲೆ ಬಂದ ಮೊದಲ ಕಾಗದ ಅದು. ಅಮ್ಮನ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಆ ಕುರ್ಚಿಯ ಕಡೆಗೇ ತಿರುಗಿ ಓದಿದೆ. ಬೇರೆ ಕಡೆ ತಿರುಗಿ ಓದಿ ಗೊತ್ತಿರಲಿಲ್ಲ.

ಚಳಿ ಶುರುವಾಗಿದೆ ಅಂತ ಬರೆದಿದ್ದ. ಕಾಗದ ಬಂದು ಬಹಳ ದಿನವಾಯಿತು, ಈ ಸಲ ಬೈಗುಳ ಜಾಸ್ತಿ ಸೇರಿರಬೇಕು, ಒಟ್ಟಿಗೇ ಕಳಿಸು ಅಂದಿದ್ದ. ಮಗಳು ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಲು ನಾಚುತ್ತಾಳೆ, ಆದರೂ ಮಾಡುತ್ತಾಳೆ ಅಂತ ಬರೆದಿದ್ದ. ಕೊನೆಗೆ ಹೀಗೆ ಇತ್ತು:

“ಅಮ್ಮಾ, ಶನಿವಾರ ನಮ್ಮಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮಲ್ಲಿ ದೀಪ ಹಚ್ಚಿರ್ತೀರಿ. ಈಗ ಕಾರ್ಖಾನೆಗೆ ಶನಿವಾರ ರಜಾ ಇರೋದ್ರಿಂದ ನಾವೂ ಅದೇ ಹೊತ್ತಿಗೆ ಕೂರ್ತೀವಿ. ಮಗಳು ಮೊದಲು, ಆಮೇಲೆ ಇವಳು, ಆಮೇಲೆ ನಾನು. ನಾನು ಆಮೆನ್ ಹೇಳೋದಿಲ್ಲ. ನಿನ್ನ ಸರದಿ ಇರುತ್ತಲ್ಲ. ನೀನು ಹೇಳಿರಬಹುದು ಅನ್ನಿಸೋ ತನಕ ಸುಮ್ಮನೆ ಕೂತಿದ್ದು ಆಮೇಲೆ ಏಳ್ತೀವಿ. ಮಗಳು ನಗ್ತಾಳೆ, ಇಷ್ಟು ದೂರದಿಂದ ಹೆಂಗೆ ಗೊತ್ತಾಗುತ್ತೆ ಅಂತ. ನನಗೆ ಗೊತ್ತಾಗುತ್ತೆ.”

ಓದಿ ಮಡಿಸಿದೆ. ಯಾರೂ ಅಳಲಿಲ್ಲ. ಒಬೆತ್ ಕಾಗದ ತೆಗೆದುಕೊಂಡು ಹಳೆಯ ಕಾಗದಗಳ ಜೊತೆ ಬೈಬಲ್‌ನ ಕೆಳಗೆ ಇಟ್ಟ. ಅಲ್ಲೂ ಆಮೆನ್ ಆಗುತ್ತಿಲ್ಲ ಹಾಗಾದರೆ, ಅಂತ ವೆಲ್ಮಿನಾ ಮೆಲ್ಲಗೆ ಅಂದಳು. ಈ ಸಲ ಅವಳೂ ನಗಲಿಲ್ಲ.

ಸೀನಾ ಶುರು ಮಾಡಬೇಕಿತ್ತು. ಅವಳು ತಲೆ ಬಗ್ಗಿಸಿಕೊಂಡು ಕೂತೇ ಇದ್ದಳು. ಹೇಳು ಅಂತ ಒಬೆತ್ ಅಂದ. ಅವಳು ಹೇಳಲಿಲ್ಲ. ಇನ್ನೊಂದು ಸಲ ಅಂದ.

“ನಂದು ಆಗ್ಲೇ ಆಗಿದೆ,” ಅಂದಳು ಸೀನಾ.

“ಯಾವಾಗ?”

“ಓಮಾನ ಮಣ್ಣು ಮಾಡಿದ್ವಲ್ಲ, ಆವತ್ತು. ಆವತ್ತಿಂದು ಇನ್ನೂ ಮುಗಿದೇ ಇಲ್ಲ. ಈಗ ದೊಡ್ಡಪ್ಪನ ಸರದಿ ನಡೀತಿದೆ. ನಾನು ಮತ್ತೆ ಹೇಳಿದ್ರೆ ಮಧ್ಯದಲ್ಲಿ ಬಾಯಿ ಹಾಕಿದ ಹಾಗಾಗುತ್ತೆ.”

ಹಟಕ್ಕೆ ಹೇಳಿದ್ದಲ್ಲ. ಓಮಾ, ಅಂದರೆ ಅಜ್ಜಿ, ಅವಳಿಗೆ ಕಲಿಸಿದ್ದೇ ಅದು, ಪ್ರಾರ್ಥನೆಯಲ್ಲಿ ಒಬ್ಬರ ಸರದಿ ನಡೆಯುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಅಂತ. ಇಷ್ಟು ದಿನ ದೊಡ್ಡವರು ಹೇಳಿದ್ದಕ್ಕೆ ಹೇಳಿದ್ದಳು, ಅಷ್ಟೇ. ದೊಡ್ಡಪ್ಪ ಅಲ್ಲಿ ಕಾಯುತ್ತಾ ಕೂತಿದ್ದಾನೆ ಅಂತ ಕೇಳಿದ ಮೇಲೆ ಅವಳಿಗೆ ಆಗಲಿಲ್ಲ. ಒಬೆತ್ ಗದರಿದ. ಅವಳು ತುಟಿ ಬಿಗಿಹಿಡಿದಳು, ಕಣ್ಣಲ್ಲಿ ನೀರು ತುಂಬಿತು. ಚಿಕ್ಕವಳು ಶುರು ಮಾಡದಿದ್ದರೆ ಅವಳ ಮೇಲಿನವಳು ಹೇಳುವ ಹಾಗಿಲ್ಲ, ಅವಳ ಮೇಲಿನವನೂ ಹೇಳುವ ಹಾಗಿಲ್ಲ. ದೀಪದ ಸುತ್ತ ಹುಳ ಹಾರುವುದನ್ನು ನೋಡುತ್ತಾ ಕೂತು, ಆಮೇಲೆ ಎದ್ದೆವು.

ಯುದ್ಧಕಾಲದಲ್ಲಿ ಜಪಾನಿನವರು ಬಂದಾಗ ಕೂಡ ನಮ್ಮ ಮನೆಯ ಪ್ರಾರ್ಥನೆ ನಿಂತಿರಲಿಲ್ಲ. ಗುಡ್ಡದ ಗವಿಯಲ್ಲಿ ಅಡಗಿದ್ದಾಗ ಅಪ್ಪ ಪಿಸುಮಾತಿನಲ್ಲಿ ಹಾಡಿಸಿದ್ದ. ಈಗ ನಿಂತಿತು. ಭಾನುವಾರ ಚರ್ಚಿಗೆ ಹೋಗಿ ಬಂದೆವು, ಸಂಜೆ ಕೂರಲಿಲ್ಲ. ಸೋಮವಾರವೂ ಇಲ್ಲ. ದೀಪ ಹಚ್ಚಿದ ಮೇಲೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಒಬೆತ್ ಹರಿಯದ ಬಲೆಯನ್ನು ತಂದು ಹೊಲಿಯುತ್ತಾ ಕೂತ. ಅನ್ನವನ್ನು ಅವರವರು ಹಸಿದಾಗ ಬಡಿಸಿಕೊಂಡು ತಿಂದರು. ಛತ್ರದಲ್ಲಿ ಇಳಿದುಕೊಂಡವರ ಹಾಗೆ ಒಬ್ಬರು ಇನ್ನೊಬ್ಬರಿಗೆ ದಾರಿ ಬಿಟ್ಟು ಓಡಾಡಿದೆವು.

ಇದೆಲ್ಲ ನೋಡಿ ನನಗೆ ನೋವಾಗಬೇಕಿತ್ತು. ಆಗಲಿಲ್ಲ. ತೋಟದಿಂದ ಬಂದು ಕಾಲು ತೊಳೆಯುವಾಗ ನೀರು ಕೆಂಪಾದದ್ದನ್ನು ನೋಡಿದ ಮೇಲೆ ತಾನೆ ಗಾಯವಾಗಿದೆ ಅಂತ ತಿಳಿಯುವುದು, ಅಷ್ಟೇ ತಿಳಿಯಿತು. ಅಣ್ಣ ಅಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಇಲ್ಲದ ಅಮ್ಮನ ಆಮೆನ್ ಕಾಯುತ್ತಿದ್ದಾನೆ. ನಾವು ಇಲ್ಲಿ ಅವನದ್ದಕ್ಕೆ ಕಾಯುತ್ತಿದ್ದೇವೆ. ನಡುವೆ ಬಾಯಿ ಮುಚ್ಚಿಕೊಂಡಿರುವವಳು ನಾನು. ಮನಸ್ಸು ಸರಿಹೋದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಸರಿಹೋಗುವ ಲಕ್ಷಣ ಕಾಣಲಿಲ್ಲ. ಸರಿಹೋಗದೆಯೂ ಬರೆಯಬಹುದಲ್ಲ ಅನ್ನಿಸಿತು.

ಮಂಗಳವಾರ ಮಧ್ಯಾಹ್ನ ಲವಂಗ ಬಿಸಿಲಿಗೆ ಹರಡಿ, ಕೈ ತೊಳೆದು, ಅಡುಗೆಮನೆಯ ಮೇಜಿನಲ್ಲಿ ಕೂತೆ. ಮೊದಲ ಸಾಲಿಗೇ ಹೆಚ್ಚು ಹೊತ್ತು ಹಿಡಿಯಿತು. ಇಷ್ಟು ವರ್ಷ ಅವನಿಗೆ ಮಗನೇ ಅಂತಲೇ ಬರೆದವಳು ನಾನು. ನನ್ನ ಹೆಸರಿನಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಹೋಗುವ ದಿನ ದಕ್ಕೆಯ ಮೇಲೆ ನಿಂತು ಅವನನ್ನು ಹೇಗೆ ಕೂಗಿದ್ದೆನೋ ಹಾಗೇ ಬರೆದೆ.

“ಬು ಮಿಂಗುಸ್, ಇದು ಅಮ್ಮನ ಕಾಗದ ಅಲ್ಲ. ನಾನು ಡೋರ್ಚೆ.”

ಬು, ಅಣ್ಣ, ಅಂತ ಬರೆದ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ಅಮ್ಮ ಯಾವಾಗ ಹೋದಳು, ಹೇಗೆ ಹೋದಳು, ಅಪ್ಪನ ಪಕ್ಕದಲ್ಲೇ ಜಾಗ ಸಿಕ್ಕಿತು, ಊರಿನವರು ಹಾಡಿದರು. ಇಷ್ಟು ದಿನ ತಿಳಿಸದೇ ಇದ್ದದ್ದಕ್ಕೆ ಕಾರಣ ಬರೆಯಲು ಹೋಗಲಿಲ್ಲ, ತಡವಾಯಿತು ಅಂತ ಮಾತ್ರ ಬರೆದೆ. ಆಮೇಲೆ ಇದನ್ನು ಬರೆದೆ:

“ಈಗ ಮನೆಗೆ ಹಿರಿಯ ನೀನು. ಇನ್ನು ಕಾಯಬೇಡ. ಶನಿವಾರ ನಾವು ಇಲ್ಲಿ ಸೀನಾಳಿಂದ ನನ್ನ ತನಕ ಹೇಳಿ ನಿಲ್ಲಿಸ್ತೀವಿ. ಅಲ್ಲಿ ನಿನ್ನ ಸರದಿ ಮುಗಿದ ಮೇಲೆ ಆಮೆನ್ ನೀನು ಹೇಳು. ನಮ್ಮದಕ್ಕೂ ಸೇರಿಸಿ ಹೇಳು.”

ಹೊತ್ತಿಳಿದಾಗ ಒಬೆತ್ ಬಂದ. ಕಾಗದವನ್ನು ಅವನ ಕೈಗೆ ಕೊಟ್ಟೆ. ಅಂಗಳದಲ್ಲಿ ನಿಂತು, ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದ. ಓದಿ ಎಷ್ಟೋ ಹೊತ್ತು ಅದನ್ನೇ ಹಿಡಿದುಕೊಂಡಿದ್ದ.

“ಇದು ಹೋಗಿ ಮುಟ್ಟಿದ ದಿನ ಅಮ್ಮ ಅಲ್ಲೂ ಸಾಯ್ತಾಳೆ ಉಸಿ.”

“ಅಲ್ಲಿ ಅವನು ಕಾಯ್ತಾ ಕೂತಿದ್ದಾನೆ, ಒಬೆತ್.”

ಅವನು ಕಾಗದವನ್ನು ನನ್ನ ಕೈಗೆ ಕೊಟ್ಟು, ಚಾಪೆಯ ಮೇಲಿನ ಲವಂಗವನ್ನು ಕೈಯಾಡಿಸಿ ಮಗುಚುತ್ತಾ ಹೋದ. ಆಗಲೇ ಒಂದು ಸಲ ಮಗುಚಿ ಆಗಿತ್ತು.

ಶನಿವಾರದ ಹಾಗೆ ಬುಧವಾರವೂ ಎದುರಿನ ದ್ವೀಪ ಸಾಪರುವಾದಲ್ಲಿ ಸಂತೆ. ಬೆಳಿಗ್ಗೆ ನಾನು ಒಬ್ಬಳೇ ಬಾಡಿಗೆ ದೋಣಿಗೆ ಹೋಗೋಣ ಅಂತ ಇಳಿದರೆ, ಒಬೆತ್ ತನ್ನ ದೋಣಿಯನ್ನು ನೀರಿಗೆ ತಳ್ಳಿ ಕಾಯುತ್ತಿದ್ದ. ಹತ್ತಿ ಕೂತೆ. ಅಲೆ ಇರಲಿಲ್ಲ. ಎರಡು ದ್ವೀಪಗಳ ನಡುವೆ ಬಂದಾಗ ಹುಟ್ಟು ಎತ್ತಿ ಅಡ್ಡ ಇಟ್ಟುಕೊಂಡ.

ಕೊನೆಯಲ್ಲಿ ಅಮ್ಮ ಮಿಂಗುಸನ ಹೆಸರು ಹೇಳಿದಳು ಅಂತ ಒಂದು ಸಾಲು ಸೇರಿಸಿದರೆ ಹೇಗೆ ಅಂತ ಕೇಳಿದ.

“ಹೇಳಲಿಲ್ಲವಲ್ಲ,” ಅಂದೆ.

“ಹೇಳಲಿಲ್ಲ,” ಅಂದ ಅವನು. “ಕೋಳಿ ಗೂಡಿಗೆ ಹಾಕಿದ್ರಾ ಅಂತ ಕೇಳಿದ್ಲು, ಅಷ್ಟೇ. ಅದನ್ನ ಎಲ್ಲಿ ಬರೆದಿದ್ದೀಯಾ? ನಾನು ನೋಡ್ಲಿಲ್ಲ.”

“ಹಿಂದಿನ ಪುಟದಲ್ಲಿದೆ. ನೀನು ತಿರುಗಿಸಲಿಲ್ಲ.”

“ಬರೆದಿದ್ದೀಯಾ ತಾನೆ?”

“ಬರೆದಿದ್ದೀನಿ.”

“ಹಾಗಾದ್ರೆ ಸರಿ. ನಂಬ್ತಾನೆ.” ಹುಟ್ಟು ಹಾಕತೊಡಗಿದ. ಅವನ ಭುಜ ಅಲುಗುತ್ತಿತ್ತು. ಹುಟ್ಟು ಹಾಕಿದ್ದಕ್ಕೋ ಬೇರೆಯದಕ್ಕೋ ಹಿಂದೆ ಕೂತವಳಿಗೆ ಕಾಣುವುದಿಲ್ಲ. ನನ್ನ ಕಣ್ಣು ಒಣಗಿಯೇ ಇತ್ತು.

ಅಂಚೆ ಕಚೇರಿಯಲ್ಲಿ ಸಂತೆಯ ದಿನದ ನೂಕುನುಗ್ಗಲು. ಒಬೆತ್ ಒಳಗೆ ಬರಲಿಲ್ಲ, ಹೊರಗೆ ಮೀನು ಮಾರುವವರ ಹತ್ತಿರ ನಿಂತ. ನನ್ನ ಸರದಿ ಬಂದಾಗ ಗುಮಾಸ್ತ ಲಕೋಟೆಯನ್ನು ತೂಗಿ, ಹಿಂದುಮುಂದು ತಿರುಗಿಸಿದ. ಎಷ್ಟೋ ವರ್ಷದಿಂದ ನಮ್ಮ ಕಾಗದ ತೆಗೆದುಕೊಳ್ಳುತ್ತಿದ್ದವನು ಅವನು. ಕಳಿಸುವವರ ಜಾಗದಲ್ಲಿ ಅಮ್ಮನ ಹೆಸರು ಇರಲಿಲ್ಲ, ನನ್ನದಿತ್ತು. ನನ್ನ ಮುಖ ನೋಡಿದ. ಅಮ್ಮ ಅಂತ ಶುರು ಮಾಡಿ ನಿಲ್ಲಿಸಿದ. ನಾನು ತಲೆಯಾಡಿಸಿದೆ. ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟು, ಚೀಟಿ ಅಂಟಿಸಿ, ಮುದ್ರೆ ಹೊಡೆದು, ಕಾಗದವನ್ನು ಹಿಂದಿನ ಚೀಲಕ್ಕೆ ಹಾಕಿದ.

ಆಯ್ತಾ ಟಾಂಟೆ ಅಂತ ಹಿಂದೆ ನಿಂತಿದ್ದವನು ನನ್ನನ್ನು ಕೇಳಿದ. ಆಯ್ತು ಅಂದು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟೆ.